ಎಡಮಗ್ಗುಲ ತಮಟೆ

ರಾತ್ರಿ ಎರಡೂವರೆ. ಬಿ.ಬಿ. ರಸ್ತೆಯಲ್ಲಿ ಕೊನೆಯ ಲಾರಿಯೂ ಹೋಗಿ ಆಗಿದೆ, ಬೀದಿನಾಯಿಗಳಿಗೂ ಬೊಗಳಿ ಬೇಸರ ಬಂದಿದೆ, ಕರೆಂಟು ಹೋಗಿ ಫ್ಯಾನು ನಿಂತಿದೆ. ಚಿಕ್ಕಬಳ್ಳಾಪುರಕ್ಕೆ ಚಿಕ್ಕಬಳ್ಳಾಪುರವೇ ಗಪ್‌ಚುಪ್. ಎಡಮಗ್ಗುಲಿಗೆ ಹೊರಳಿದ್ದೇ ತಡ, ಎದೆಯೊಳಗೆ ಯಾರೋ ತಮಟೆ ಹಿಡಿದು ಕೂತಿರುವುದು ಗೊತ್ತಾಗುತ್ತದೆ. ಡಬ್. ಡಬ್. ಡಬ್. ದಿಂಬಿನಲ್ಲೂ ಡಬ್. ಮಂಚದ ಕಾಲಲ್ಲೂ ಡಬ್ ಎನ್ನುತ್ತಿದೆಯೇನೋ ಎಂಬ ಅನುಮಾನ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ‘ನಿನಗೂ ಕೇಳಿಸ್ತಿದೆಯಾ’ ಅಂತ ಕೇಳಿದರೆ ಕಣ್ಣು ಬಿಡದೆಯೇ ಉತ್ತರ ಬರುತ್ತದೆ: ‘ಗ್ಯಾಸು. ಮಲ್ಕೊಳ್ಳಿ.’

ಗ್ಯಾಸಿನ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಮಗ್ಗುಲಿನ ವಿಚಾರ. ಹೃದಯ ಎದೆಯ ನಡುವೆ ನೆಟ್ಟಗೆ ನಿಂತಿಲ್ಲ, ಎಡಕ್ಕೆ ಓರೆಯಾಗಿ ಒರಗಿದೆ. ಅದರ ತುದಿ ಎಡಗಡೆಯ ಐದನೇ ಮತ್ತು ಆರನೇ ಪಕ್ಕೆಲುಬಿನ ಸಂದಿಯ ಹಿಂದೆ ಇರುತ್ತದೆ. ಎಡಕ್ಕೆ ಹೊರಳಿದರೆ ಆ ತುದಿ ಎದೆಗೂಡಿನ ಗೋಡೆಗೆ ಇನ್ನಷ್ಟು ಹತ್ತಿರ ಬಂದು ಒಳಗಿನಿಂದ ತಟ್ಟುತ್ತದೆ. ಬಲಕ್ಕೆ ಹೊರಳಿ, ಅರ್ಧ ತಮಟೆ ಅಲ್ಲೇ ನಿಲ್ಲುತ್ತದೆ. ದಿಂಬಿನಲ್ಲಿ ಕೇಳಿಸಿದ್ದಂತೂ ಎದೆಯದ್ದೇ ಅಲ್ಲ, ಕಿವಿಯ ಮುಂದೆ ಹಾದುಹೋಗುವ ರಕ್ತನಾಳದ್ದು. ಕಿವಿಯನ್ನು ದಿಂಬಿಗೆ ಒತ್ತಿಟ್ಟು ಹೊರಗಿನ ಸದ್ದನ್ನೆಲ್ಲ ಮುಚ್ಚಿದರೆ ಉಳಿಯುವುದು ಅದೊಂದೇ. ನಿಮಿಷಕ್ಕೆ 72ರಂತೆ ದಿನಕ್ಕೆ 1,03,680 ಪೆಟ್ಟು. ಹಗಲೆಲ್ಲ ಇದು ನಡೆದೇ ಇತ್ತು. ಶಿಡ್ಲಘಟ್ಟ ಸರ್ಕಲ್ಲಿನ ಬಸ್ಸುಗಳ ಹಾರ್ನಿನಲ್ಲಿ ಯಾರಿಗೆ ಕೇಳಬೇಕು?

ಇಷ್ಟು ತಿಳಿದವರು ಬಲಕ್ಕೆ ಹೊರಳಿ ನಿದ್ದೆ ಹೋಗುತ್ತಾರೆ. ತಿಳಿಯದವರು ಎದ್ದು ಕೂತು ಅಳೆಯಲು ಹೊರಡುತ್ತಾರೆ. ಅವಾಂತರ ಶುರುವಾಗುವುದು ಅಲ್ಲಿ.

ಮೊದಲ ಸಾಧನ ಹೆಬ್ಬೆರಳು. ಸಿನಿಮಾ ನೋಡಿ ಕಲಿತಂತೆ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಎಣಿಸುತ್ತಾರೆ. ಹೆಬ್ಬೆರಳಿಗೆ ತನ್ನದೇ ಆದ ಜೋರು ನಾಡಿ ಇದೆ. ಹಾಗಾಗಿ ಗಂಡನ ನಾಡಿ ನೋಡಲು ಹೋದ ಹೆಂಡತಿ ತನ್ನ ನಾಡಿಯನ್ನೇ ಎಣಿಸಿ, ಹೆದರಿಕೆಗೆ ಅದು 110 ಆಗಿರುವುದನ್ನು ಕಂಡು, ಗಂಡನಿಗೆ ಏನೋ ಆಯಿತೆಂದು ಇನ್ನಷ್ಟು ಹೆದರಿ, ಮತ್ತೆ ಎಣಿಸಿದರೆ 120. ತೋರುಬೆರಳು, ನಡುಬೆರಳು ಎರಡನ್ನೂ ಹೆಬ್ಬೆರಳಿನ ಬುಡದ ಕೆಳಗೆ, ಮೂಳೆಗೂ ನರಕ್ಕೂ ನಡುವಿನ ತಗ್ಗಿನಲ್ಲಿ ಹಗುರವಾಗಿ ಇಡಬೇಕು. ಜೋರಾಗಿ ಒತ್ತಿದರೆ ನಾಡಿಯೇ ಮಾಯ. ಬಡಿತ ಒಂದೇ ಸಮ ಇದ್ದರೆ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ಸಾಕು. ಏರುಪೇರಾಗಿದ್ದರೆ ಪೂರ್ತಿ 60 ಸೆಕೆಂಡು. ಸುಮ್ಮನೆ ಕೂತವರಿಗೆ 60ರಿಂದ 100 ಸಹಜ.

ಎರಡನೆಯದು ಕೋವಿಡ್ ಕಾಲದಲ್ಲಿ ತಂದು ಅಗರಬತ್ತಿ ಡ್ರಾಯರಿನಲ್ಲಿ ಹಾಕಿಟ್ಟ ಆಕ್ಸಿಮೀಟರ್. ಅದರಲ್ಲಿ ಎರಡು ಅಂಕಿ ಕಾಣುತ್ತವೆ, ಒಂದು ಆಮ್ಲಜನಕದ್ದು, ಇನ್ನೊಂದು ನಾಡಿಯದ್ದು. ನಡುರಾತ್ರಿ ಕನ್ನಡಕವಿಲ್ಲದೆ ನಾಡಿಯ 72 ನೋಡಿ ‘ಆಕ್ಸಿಜನ್ 72ಕ್ಕೆ ಇಳಿದೈತೆ’ ಎಂದು ಮನೆಮಂದಿಯನ್ನೆಲ್ಲ ಎಬ್ಬಿಸಿದ ಮನೆಗಳು ಕಡಿಮೆಯಿಲ್ಲ. ನೈಲ್ ಪಾಲಿಶ್, ಹೊಸ ಮೆಹಂದಿ, ಚಳಿಗೆ ತಣ್ಣಗಾದ ಬೆರಳು, ಸೋತ ಸೆಲ್ಲು ಇವುಗಳಲ್ಲಿ ಒಂದಿದ್ದರೂ ಅಂಕಿ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಅಲುಗಾಡದೆ ಅರ್ಧ ನಿಮಿಷ ಕಾದು, ಆಮೇಲೆ ನೋಡುವುದು.

ಮೂರನೆಯದು ಬಿ.ಪಿ. ಮಿಷನ್ನು. ಇದಕ್ಕೆ ಐದು ನಿಮಿಷದ ಮೌನ ಬೇಕು, ಬೆನ್ನಿಗೆ ಆಸರೆ ಬೇಕು, ಎರಡೂ ಪಾದ ನೆಲಕ್ಕೆ ತಾಗಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ಬರಿ ತೋಳಿನ ಮೇಲಿರಬೇಕು. ನಮ್ಮಲ್ಲಿ ಸ್ವೆಟರ್ ತೋಳಿನ ಮೇಲೆ ಪಟ್ಟಿ ಸುತ್ತಿ, ಮಂಚದ ಅಂಚಿನಲ್ಲಿ ಕಾಲು ತೂಗಾಡಿಸುತ್ತಾ, ಮಗಳಿಗೆ ಫೋನಿನಲ್ಲಿ ವಿಷಯ ತಿಳಿಸುತ್ತಾ ಅಳೆಯುತ್ತಾರೆ. ಜಾಸ್ತಿ ಬಂತೆಂದು ಇನ್ನೊಮ್ಮೆ, ಇನ್ನೂ ಜಾಸ್ತಿ ಬಂತೆಂದು ಮತ್ತೊಮ್ಮೆ. ಹತ್ತನೇ ಸಲಕ್ಕೆ ಮಿಷನ್ನಿಗೇ ಉಬ್ಬಸ. ಬಡಿತ ತೀರಾ ಏರುಪೇರಾಗಿದ್ದಾಗ ಈ ಮಿಷನ್ನಿನ ಲೆಕ್ಕವನ್ನು ಪೂರ್ತಿ ನಂಬುವಂತೆಯೂ ಇಲ್ಲ. ಎರಡು ಬೆರಳೇ ವಾಸಿ.

ಅಂಕಿ ಅತ್ತ ಇರಲಿ. ಅದಕ್ಕಿಂತ ಉಪಯೋಗದ ಮಾತು ನಮ್ಮ ಬಾಯಲ್ಲೇ ಇದೆ. ಬಾಗೇಪಲ್ಲಿ ಕಡೆಗೆ ಹೋದರೆ ತೆಲುಗಿನಲ್ಲಿ ‘ಗುಂಡೆದಡ’ ಅನ್ನುತ್ತಾರೆ, ಒಂದೇ ಪದದಲ್ಲಿ ಅಂಗವೂ ಸದ್ದೂ ಮುಗಿಯಿತು. ಕನ್ನಡದವರು ಇನ್ನೂ ಧಾರಾಳಿಗಳು. ದಡದಡ, ಡವಡವ, ಧಸಕ್, ಪಟಪಟ ಎಂದು ಸಂದರ್ಭಕ್ಕೊಂದು ಸದ್ದು ಇಟ್ಟುಕೊಂಡಿದ್ದಾರೆ. ಇವೆಲ್ಲ ಒಂದೇ ಅಲ್ಲ, ವೈದ್ಯರಿಗೆ ಬೇಕಾಗಿರುವುದೂ ಈ ವ್ಯತ್ಯಾಸವೇ. ತಮಟೆಯಲ್ಲಿ ಪದ್ಮಶ್ರೀ (2023) ಪಡೆದ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಜಿಲ್ಲೆ ನಮ್ಮದು. ಜಾತ್ರೆಯ ಪೆಟ್ಟು ಯಾವುದು, ಮದುವೆಯ ಪೆಟ್ಟು ಯಾವುದು, ಸಾವಿನ ಪೆಟ್ಟು ಯಾವುದು ಎಂದು ಎರಡು ಬೀದಿ ಆಚೆಯಿಂದಲೇ ಗುರುತಿಸುವ ಜನ ಸ್ವಂತ ಎದೆಯ ವಿಷಯಕ್ಕೆ ಬಂದರೆ ‘ಜೋರಾಗಿ ಒಡ್ಕೊಂತಾ ಐತೆ ಸಾರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಜೋರು ಎಷ್ಟಿತ್ತು ಎನ್ನುವುದರಿಂದ ಗೊತ್ತಾಗುವುದು ಕಡಿಮೆ. ತಾಳ ಹೇಳಿ.

ಧಸಕ್ ಎನ್ನುವುದು ಅತಿ ಸಾಮಾನ್ಯ. ‘ಎದೆ ಒಂದ್ ಸಲ ನಿಂತೇಹೋಯ್ತು’ ಎನ್ನುತ್ತಾರಲ್ಲ, ಅದು. ನಿಜಕ್ಕೂ ಆಗಿದ್ದು ಬೇರೆ. ಒಂದು ಪೆಟ್ಟು ಸರದಿ ಮುರಿದು ಮುಂಚೆಯೇ ನುಗ್ಗಿತು. ಹೃದಯ ಆಗಿನ್ನೂ ತುಂಬಿರಲಿಲ್ಲವಾದ್ದರಿಂದ ಆ ಪೆಟ್ಟು ಟೊಳ್ಳು, ನಿಮಗೆ ಗೊತ್ತೇ ಆಗಲಿಲ್ಲ. ಅದರ ಹಿಂದೆ ಒಂದು ದೊಡ್ಡ ಬಿಡುವು. ಆ ಬಿಡುವಿನಲ್ಲಿ ಹೃದಯಕ್ಕೆ ಮಾಮೂಲಿಗಿಂತ ಜಾಸ್ತಿ ರಕ್ತ ತುಂಬಿಕೊಂಡು, ಮುಂದಿನ ಪೆಟ್ಟು ಗೋಡೆ ಗುದ್ದಿದಂತೆ ಬೀಳುತ್ತದೆ. ನೀವು ಬಿಡುವನ್ನು ‘ನಿಂತಿತು’ ಅಂದಿರಿ, ಗುದ್ದನ್ನು ‘ಹೋದೆ’ ಅಂದಿರಿ. ನಿದ್ದೆಗೆಟ್ಟರೆ, ಸಿಗರೇಟು ಜಾಸ್ತಿಯಾದರೆ, ಗುಂಡು ಹಾಕಿದ ಮರುದಿನ, ಚಿಂತೆ ಇದ್ದಾಗ ಇದು ಹೆಚ್ಚು. ಹೃದಯ ಬೇರೆ ರೀತಿಯಲ್ಲಿ ಗಟ್ಟಿಯಿದ್ದರೆ ಆಗೊಮ್ಮೆ ಈಗೊಮ್ಮೆ ಬರುವ ಧಸಕ್ಕಿನಿಂದ ಸಾಮಾನ್ಯವಾಗಿ ಅಪಾಯವಿಲ್ಲ.

ದಡದಡದಲ್ಲಿ ಎರಡು ಜಾತಿ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದು ಒಂದು. ನಂದಿಬೆಟ್ಟದ ಮೆಟ್ಟಿಲು ಹತ್ತುವವರನ್ನು ನೋಡಿದರೆ ಸಾಕು. ರಾತ್ರಿಯೆಲ್ಲ ನಿದ್ದೆಯಿಲ್ಲ, ಮೂರು ಗಂಟೆಗೆ ಹೊರಟಿದ್ದು, ದಾರಿಯಲ್ಲಿ ಎರಡು ಕಾಫಿ, ಹೊಟ್ಟೆಗೆ ನೀರಿಲ್ಲ, ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತುತ್ತಿರುವುದು. ಸಾವಿರ ದಾಟುವ ಮೆಟ್ಟಿಲುಗಳಲ್ಲಿ ಇನ್ನೂರಕ್ಕೇ ಎದೆ ಬಾಯಿಗೆ ಬಂದು, ಸೂರ್ಯೋದಯ ನೋಡಲು ಬಂದವರು ತಮ್ಮ ಅಸ್ತಮಾನದ ಚಿಂತೆಯಲ್ಲಿ ಬಂಡೆಗೆ ಒರಗುತ್ತಾರೆ. 220ರಿಂದ ವಯಸ್ಸು ಕಳೆದರೆ ಸಿಗುವುದು ಸುಮಾರಾಗಿ ಹೃದಯದ ಗರಿಷ್ಠ ಓಟ. 40ರವರಿಗೆ 180. ಕೂತು ನೀರು ಕುಡಿದು ಹತ್ತು ನಿಮಿಷದಲ್ಲಿ ಅದು ಇಳಿಯುತ್ತಾ ಬಂದರೆ ಹೃದಯ ತನ್ನ ಕೆಲಸ ಮಾಡಿದೆ, ಉಳಿದದ್ದು ನಿಮ್ಮ ಸೋಮಾರಿತನದ ಲೆಕ್ಕ. ಆದರೆ ಹತ್ತುವಾಗಲೇ ಎದೆ ಹಿಂಡಿದಂತಾದರೆ, ಕಣ್ಣು ಕತ್ತಲೆ ಬಂದರೆ ತಮಾಷೆ ಸಾಕು, ಇಳಿದು ಆಸ್ಪತ್ರೆಗೆ ಹೋಗಿ.

ಇನ್ನೊಂದು ಜಾತಿ ಸ್ವಿಚ್ಚು ಹಾಕಿದಂತೆ ಶುರುವಾಗಿ ಸ್ವಿಚ್ಚು ತೆಗೆದಂತೆ ನಿಲ್ಲುತ್ತದೆ. ಸುಮ್ಮನೆ ಕೂತು ಅವರೆಕಾಯಿ ಸುಲಿಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ 180. ಹೃದಯದೊಳಗಿನ ವಿದ್ಯುತ್ತು ಅಡ್ಡದಾರಿ ಹಿಡಿದು ಸುತ್ತು ಹೊಡೆಯುತ್ತಿದೆ ಎಂದರ್ಥ. ಇದು ಹೀಗೇ ಎಂದು ಇಸಿಜಿಯಲ್ಲಿ ಗೊತ್ತಾದವರಿಗೆ ವೈದ್ಯರು ಒಂದು ಉಪಾಯ ಕಲಿಸುತ್ತಾರೆ. 10 ಮಿ.ಲೀ. ಸಿರಿಂಜು, ಸೂಜಿ ಇಲ್ಲದ್ದು. ಅರೆ ಒರಗಿ ಕೂತು, ಅದರ ಮೂತಿಗೆ ಬಾಯಿಟ್ಟು, ಒಳಗಿನ ಪಿಸ್ಟನ್ನು ಕೊಂಚ ಅಲುಗುವಷ್ಟು ಬಿಗಿಯಾಗಿ 15 ಸೆಕೆಂಡು ಊದಬೇಕು. ಊದಿ ಮುಗಿದ ತಕ್ಷಣ ಅಂಗಾತ ಮಲಗಬೇಕು, ಇನ್ನೊಬ್ಬರು ಎರಡೂ ಕಾಲನ್ನು ಓರೆಯಾಗಿ ಎತ್ತಿ 15 ಸೆಕೆಂಡು ಹಿಡಿಯಬೇಕು. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಬರಿ ಊದಿದವರಲ್ಲಿ ನೂರಕ್ಕೆ 17 ಮಂದಿಗೆ ಬಡಿತ ಹದಕ್ಕೆ ಬಂದರೆ, ಮಲಗಿ ಕಾಲೆತ್ತಿಸಿಕೊಂಡವರಲ್ಲಿ 43 ಮಂದಿಗೆ.

ಮನೆಯಲ್ಲಿ ಇದು ಕೆಡುವ ಬಗೆ ಹಲವು. ಬಲೂನು ಊದಿದಂತೆ ಕೆನ್ನೆ ಉಬ್ಬಿಸಿದರೆ ಒತ್ತಡವೆಲ್ಲ ಕೆನ್ನೆಗೇ ಹೋಗುತ್ತದೆ, ಎದೆಗೆ ಏನೂ ಇಲ್ಲ. ಪಿಸ್ಟನ್ನು ಪೂರಾ ಹಾರಿಸುವ ಹಟಕ್ಕೆ ಬಿದ್ದರೆ ಅದು ದೇವರ ಮನೆಗೆ ಹಾರುತ್ತದೆ. ಐದಕ್ಕೇ ಸುಸ್ತಾಗಿ ಹದಿನೈದು ಆಯಿತು ಅನ್ನುವವರಿದ್ದಾರೆ, ಗಡಿಯಾರ ಇನ್ನೊಬ್ಬರ ಕೈಯಲ್ಲಿರಲಿ. ಕಾಲೆತ್ತುವವರು ನಗಬಾರದು, ಅವರು ನಕ್ಕರೆ ಊದುವವರೂ ನಗುತ್ತಾರೆ, ಗಾಳಿ ಸೋರುತ್ತದೆ. ಕುತ್ತಿಗೆಯ ರಕ್ತನಾಳ ಅಮುಕುವುದನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬೇಡಿ. ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆ ಎಂಬ ವಾಟ್ಸಾಪ್ ಸಂದೇಶವನ್ನೂ ನಂಬಬೇಡಿ. ಕೆಮ್ಮುತ್ತಾ ಕಳೆದ ಹೊತ್ತು ಆಂಬುಲೆನ್ಸಿಗೆ ಫೋನು ಮಾಡುವ ಹೊತ್ತು.

ಪಟಪಟ ಇನ್ನೊಂದು ಥರ. ಬುಟ್ಟಿಯಲ್ಲಿ ಮೀನು ಒದ್ದಾಡಿದಂತೆ, ತಾಳವೇ ಇಲ್ಲ, ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಊಹಿಸಲಾಗದು. ವಯಸ್ಸಾದವರಲ್ಲಿ ಹೆಚ್ಚು. ಹೃದಯದ ಮೇಲಿನ ಕೋಣೆಗಳು ಹಿಂಡದೆ ಬರಿ ನಡುಗಿದರೆ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು, ಪಾರ್ಶ್ವವಾಯು ಹೊಡೆಯಬಹುದು. ಇದಕ್ಕೆ ಓಂಕಾಳು, ಸೋಡಾ, ದೃಷ್ಟಿ ತೆಗೆಯುವ ಮೆಣಸಿನಕಾಯಿ ಯಾವುದೂ ನಡೆಯುವುದಿಲ್ಲ. ನೋವಿಲ್ಲದಿದ್ದರೂ ಒಂದೆರಡು ದಿನದೊಳಗೆ ತೋರಿಸಲೇಬೇಕು.

ಉಳಿದದ್ದು ಡವಡವ, ಭಾರದ ಡಬ್. ಎಣಿಸಿದರೆ 80, ಅನುಭವ ಮಾತ್ರ ರಥ ಎಳೆದಂತೆ. ಜ್ವರ, ಥೈರಾಯಿಡ್, ಹೆದರಿಕೆ, ರಕ್ತಹೀನತೆ ಎಲ್ಲವೂ ಇದನ್ನು ತರುತ್ತವೆ. ರಕ್ತಹೀನತೆಯದು ಸರಳ ಗಣಿತ: ಹೊರುವ ಗಾಡಿ ಕಮ್ಮಿಯಾದರೆ ಟ್ರಿಪ್ಪು ಜಾಸ್ತಿ. ಎಲ್ಲರಿಗೂ ಬಡಿಸಿ ಕೊನೆಗೆ ತಾವು ಉಣ್ಣುವ ಹೆಂಗಸರು ‘ಟೆನ್ಷನ್’ ಎಂದು ವರ್ಷಗಟ್ಟಲೆ ತಳ್ಳಿಹಾಕಿದ್ದು ಎಷ್ಟೋ ಸಲ ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಹಿಮೋಗ್ಲೋಬಿನ್, ಥೈರಾಯಿಡ್, ಸಕ್ಕರೆ, ಪೊಟ್ಯಾಸಿಯಂ ಇಷ್ಟಕ್ಕೆ ಒಂದು ಸಲ ರಕ್ತ ಕೊಟ್ಟರೆ ಸಾಕು.

ಈಗ ಗ್ಯಾಸು. ಅದು ಪೂರಾ ನಿರಪರಾಧಿಯಲ್ಲ, ಆದರೆ ಹೊರಿಸಿದಷ್ಟು ಅಪರಾಧ ಮಾಡಿಲ್ಲ. ಡಿಸೆಂಬರ್ ಜನವರಿಯಲ್ಲಿ ಅವರೆಕಾಯಿ ಬಂತೆಂದರೆ ಹಿತಕಿದ ಬೇಳೆ ಸಾರಿನ ಜತೆ ಎರಡು ಮುದ್ದೆಗೆ ಮೂರನೆಯದು ಸೇರುತ್ತದೆ. ಅಷ್ಟನ್ನು ಅರಗಿಸಲು ಕರುಳಿನ ಕಡೆ ರಕ್ತ ಹರಿಯಬೇಕು, ಅದನ್ನು ಸರಿದೂಗಿಸಲು ಹೃದಯ ಓಡಬೇಕು. ಉಂಡ ಕೈಯಲ್ಲೇ ಎಡಮಗ್ಗುಲಿಗೆ ಮಲಗಿದರೆ ತಮಟೆ ಬಾರದೆ ಇನ್ನೇನು ಬಂದೀತು? ಕಾಫಿಯದು ಬೇರೆ ಲೆಕ್ಕ. ಒಂದು ಲೋಟ ಗಟ್ಟಿ ಕಾಫಿಯಲ್ಲಿ ಸುಮಾರು 100 ಮಿಲಿಗ್ರಾಂ ಕೆಫೀನ್, ದೊಡ್ಡವರಿಗೆ ದಿನಕ್ಕೆ 400ರವರೆಗೆ ಅಡ್ಡಿಯಿಲ್ಲ ಎನ್ನುತ್ತಾರೆ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಇಳಿಯಲು ಐದು ಗಂಟೆ ಹಿಡಿಯುತ್ತದೆ. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಲೋಟ ಉಳಿದಿದೆ ಅನ್ನಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಅದನ್ನು ಬೆರೆಸಿದ್ದಕ್ಕೆ ಅಂಗಡಿಯವರನ್ನು ಬೈಯುವ ಶುದ್ಧ ಕಾಫಿ ಭಕ್ತರು ಇದನ್ನು ಗಮನಿಸಬೇಕು. ನೆಗಡಿ ಮಾತ್ರೆಗಳಲ್ಲಿರುವ ಮೂಗು ಬಿಡಿಸುವ ಔಷಧಿ, ಉಬ್ಬಸದ ಇನ್‌ಹೇಲರ್ ಇವೂ ಎದೆ ಓಡಿಸುತ್ತವೆ. ಹಾಗಂತ ಇನ್‌ಹೇಲರನ್ನು ನೀವೇ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿ.

ಹೆದರಿಕೆಯ ಓಟಕ್ಕೆ ಉಸಿರೇ ಕಡಿವಾಣ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಉಸಿರು ಬಿಡುವಾಗ ಹೃದಯ ತಾನಾಗಿಯೇ ಕೊಂಚ ನಿಧಾನವಾಗುತ್ತದೆ, ಆದ್ದರಿಂದ ಬಿಡುವ ಪಾಲು ದೊಡ್ಡದು. ಇದನ್ನು ಶಿಬಿರದಲ್ಲಿ ಕಲಿತವರಂತೆ ಬುಸುಬುಸು ಎಂದು ವೇಗವಾಗಿ ಮಾಡಿದರೆ ಇಂಗಾಲದ ಡೈ ಆಕ್ಸೈಡ್ ಜಾಸ್ತಿ ಹೊರಹೋಗಿ ಬೆರಳು, ತುಟಿ ಜುಮ್ ಎನ್ನುತ್ತವೆ. ಆಗ ಎದೆಯ ಜತೆ ಲಕ್ವದ ಭಯವೂ ಉಚಿತ.

ಬಡಿತದ ಜತೆ ಎದೆನೋವು, ಉಸಿರುಗಟ್ಟು, ತಣ್ಣನೆ ಬೆವರು, ತಲೆತಿರುಗಿ ಬೀಳುವುದು ಇದ್ದರೆ, ಅಥವಾ ದಡದಡ ನಿಲ್ಲದೇ ಹೋದರೆ 108ಕ್ಕೆ ಫೋನು ಮಾಡಿ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವುದು ಬೇಡ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ಸಣ್ಣ ಬಡಿತವನ್ನೂ ತೋರಿಸಿಬಿಡಿ.

ಉಳಿದವರ ಕಷ್ಟ ಇಸಿಜಿ ಕೋಣೆಯಲ್ಲಿದೆ. ಎದೆಗೆ ಆರು, ಕೈಕಾಲಿಗೆ ನಾಲ್ಕು, ಒಟ್ಟು ಹತ್ತು ವೈರು ಅಂಟಿಸಿ ಮಿಷನ್ನು ಹತ್ತು ಸೆಕೆಂಡಿನ ಬಡಿತ ಬರೆದುಕೊಳ್ಳುತ್ತದೆ. ರಾತ್ರಿಯೆಲ್ಲ ಕುಣಿದ ಹೃದಯ ಅಷ್ಟು ಹೊತ್ತು ಹೆಡ್‌ಮಾಸ್ಟರ್ ಬಂದ ತರಗತಿಯಂತೆ ಕೈಕಟ್ಟಿ ಕೂರುತ್ತದೆ. ‘ನಾರ್ಮಲ್ ಇದೆ’ ಎಂದಾಗ ಖುಷಿಪಡುವ ಬದಲು ಮುಖ ಸಣ್ಣದಾಗುವ ಏಕೈಕ ಪರೀಕ್ಷೆ ಇದು. ಹಾಗಾಗಿ ಕೆಲವರಿಗೆ 24 ಗಂಟೆ ಸೊಂಟಕ್ಕೆ ಹೋಲ್ಟರ್ ಎಂಬ ಪೆಟ್ಟಿಗೆ ಕಟ್ಟಿ ಕಳಿಸುತ್ತಾರೆ. ಅಷ್ಟು ಹೊತ್ತು ಸ್ನಾನವಿಲ್ಲ. ಜತೆಗೊಂದು ಚೀಟಿ, ಎಷ್ಟು ಗಂಟೆಗೆ ಏನಾಯಿತೆಂದು ಬರೆಯಲು. ‘7.10, ಧಸಕ್ ಎರಡು ಸಲ, ಹಾಲಿನವನ ಜತೆ ಲೆಕ್ಕದ ಜಗಳ’ ಎಂದು ಬರೆದ ಚೀಟಿ ಬಂಗಾರ. ‘ಬೆಳಿಗ್ಗೆ ಒಂಥರಾ ಆಯ್ತು’ ಎಂದು ಬರೆದದ್ದು ಕಡಲೆಕಾಯಿ ಕಟ್ಟಲು ಸರಿ.

ಪೆಟ್ಟಿಗೆ ಕಟ್ಟದಿದ್ದರೂ ಚೀಟಿ ಬರೆಯಿರಿ. ಒಮ್ಮೆಲೇ ಶುರುವಾಯಿತೋ ಮೆಲ್ಲಗೋ, ಎಷ್ಟು ಹೊತ್ತು, ನಾಡಿ ಎಷ್ಟು, ಆಗ ಏನು ಮಾಡುತ್ತಿದ್ದಿರಿ, ಜತೆಗೆ ಇನ್ನೇನಿತ್ತು. ತಾಳವನ್ನು ಬರೆಯಲು ಬರದಿದ್ದರೆ ನೆನಪಿಟ್ಟುಕೊಂಡು ಹೋಗಿ. ‘ಹೇಗೆ ಬಡೀತು, ತಟ್ಟಿ ತೋರಿಸಿ’ ಎಂದು ವೈದ್ಯರು ಮೇಜು ಮುಂದೆ ಸರಿಸುತ್ತಾರೆ. ಆಗ ಸಂಕೋಚ ಬೇಡ, ಬೆರಳಲ್ಲಿ ತಟ್ಟಿ. ಅಂಗೈಯಲ್ಲಿ ಮಾತ್ರ ಬೇಡ. ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರು ಮುಂದಿನ ನಂಬರಿನವರನ್ನು ಕರೆದರೆಂದುಕೊಂಡು, ರಿಪೋರ್ಟಿನ ಕವರು ಹಿಡಿದು ಬಾಗಿಲು ತಳ್ಳಿಕೊಂಡು ಬಂದುಬಿಡುತ್ತಾರೆ.