ಕುಕ್ಕರ್ ಹೊತ್ತವರು ಯಾರು?

ಭಾನುವಾರ ಸಂಜೆಯಿಂದ ತಲೆ ಕಾದಿದೆ. "ಎಲ್ಲಾದರೂ ಬರೆದು ಹಾಕು, ನನ್ನ ತಲೆ ತಿನ್ನಬೇಡ" ಅಂದರು ನಮ್ಮನೆಯವರು. ಹಾಗಾಗಿ ಈಗ ನಿಮ್ಮ ತಲೆ.

ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಗೆಳೆಯರ ಜೊತೆ ಹಿಮಾಚಲದ ಭಾಬಾ ಪಾಸ್ ಅನ್ನುವ ಬೆಟ್ಟದ ದಾರಿ ದಾಟಿ ಬಂದಿದ್ದಾನೆ. ಕ್ಲಬ್‌ಹೌಸ್‌ನಲ್ಲಿ ಸ್ಲೈಡ್ ಶೋ ಇಟ್ಟಿದ್ದ. ಆ ಹೆಸರು ಕೇಳಿದ್ದೇ ನಾನು ಹೋಗಿ ಮೊದಲನೇ ಸಾಲಲ್ಲಿ ಕೂತೆ. ಮಂಡಿ ಕೈಕೊಡುವ ಮೊದಲು ನಾನು ಮಾಡಿದ ಕೊನೇ ದೊಡ್ಡ ಚಾರಣ ಅದು, ನಿಮಗೆ ಗೊತ್ತಲ್ಲ. (ಎಷ್ಟು ಸಲ ಕೊರೆದಿದ್ದೀನೋ ಲೆಕ್ಕ ಇಲ್ಲ.) ಮೊದಲ ಸ್ಲೈಡಿನಲ್ಲೇ ದಪ್ಪ ಅಕ್ಷರದಲ್ಲಿ: "ಯಾರೂ ಕಾಲಿಡದ ಕಣಿವೆಯಲ್ಲಿ ನಾವು ಆರು ಜನ."

ಅಲ್ಲಿಗೇ ನನಗೆ ತುರಿಕೆ ಶುರುವಾಯಿತು.

ಫೋಟೋಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಸಟ್ಲೆಜ್ ದಂಡೆಯ ವಾಂಗ್ಟು ಬಿಟ್ಟು ಮೇಲೆ ಹತ್ತಿದರೆ ಕಾಫ್ನು. ಬಸ್ಸು ಅಲ್ಲಿಗೆ ಮುಗಿಯಿತು. ಆಮೇಲೆ ಮುಲ್ಲಿಂಗ್, ಕಾರಾ, ಫುಸ್ತಿರಂಗ್ ಅಂತ ಒಂದೊಂದು ರಾತ್ರಿ ಟೆಂಟು. ಪಾಸ್ ಇರುವುದು ಸುಮಾರು 4,900 ಮೀಟರ್ ಎತ್ತರದಲ್ಲಿ. ಈ ಕಡೆ ಕಿನ್ನೌರ, ಹಸಿರೋ ಹಸಿರು. ಆ ಕಡೆ ಸ್ಪಿತಿಯ ಪಿನ್ ಕಣಿವೆ, ಒಂದು ಮರ ಕಾಣಲ್ಲ, ಬರೀ ಕಂದು ಬೂದು ಕಲ್ಲು. ಮಳೆ ಮೋಡವೆಲ್ಲ ಈ ಕಡೆಯೇ ಖಾಲಿಯಾಗುತ್ತದೆ. ನಮ್ಮಲ್ಲಿ ಸಕಲೇಶಪುರದ ಹಸಿರು ಬಿಟ್ಟು ಅರಸೀಕೆರೆಯ ಬಯಲಿಗೆ ಬರೋಕೆ ಬಸ್ಸಲ್ಲಿ ಗಂಟೆಗಟ್ಟಲೆ ಕೂರಬೇಕು. ಅಲ್ಲಿ ಒಂದು ಬಂಡೆ ಮೇಲೆ ನಿಂತು ಕತ್ತು ತಿರುಗಿಸಿದರೆ ಸಾಕು. ಆ ಫೋಟೋ ಪರದೆ ಮೇಲೆ ಬಂದಾಗ ನನಗೆ ನಿಜವಾಗಲೂ ಗಂಟಲು ಕಟ್ಟಿತು.

ಆದರೆ ನಾನು ಕಾಯುತ್ತಾ ಇದ್ದದ್ದು ಬೇರೆ ಫೋಟೋಕ್ಕೆ. ನೂರು ಸ್ಲೈಡ್ ದಾಟಿತು. ಆರು ಜನ ನಗುತ್ತಿರುವುದು, ಆರು ಜನ ಹಾರುತ್ತಿರುವುದು, ಹನ್ನೆರಡು ಶೂ ಸಾಲಾಗಿ ಇಟ್ಟಿರುವುದು. ತಟ್ಟೆಯಲ್ಲಿ ಬಿಸಿ ಅನ್ನ ದಾಲ್ ಇದೆ. ಬಡಿಸಿದ ಕೈ ಇಲ್ಲ. ಟೆಂಟು ನಿಂತಿದೆ. ಅದನ್ನು ಹೊತ್ತು ತಂದ ಬೆನ್ನು ಇಲ್ಲ. ಬಹುಶಃ ಟೆಂಟುಗಳು ತಾವೇ ನಡೆದುಕೊಂಡು ಬಂದಿರಬೇಕು.

ಕೊನೆಗೆ ಪ್ರಶ್ನೆ ಕೇಳಿ ಅಂದರು. "ಅಡುಗೆ ಯಾರಪ್ಪಾ ಮಾಡ್ತಿದ್ರು?" ಅಂತ ಕೇಳಿದೆ.

"ಅದೆಲ್ಲ ಪ್ಯಾಕೇಜಲ್ಲೇ ಇತ್ತು ಆಂಟಿ."

ಆಂಟಿ ಅಂದಿದ್ದಕ್ಕೆ ಬೇಜಾರಿಲ್ಲ. (ಸ್ವಲ್ಪ ಇದೆ.) ಪ್ಯಾಕೇಜಲ್ಲೇ ಇತ್ತು ಅಂದನಲ್ಲ, ಅದು.

ನಾನು ಹೋಗಿದ್ದಾಗಿನ ಒಂದು ಕುಕ್ಕರಿನ ವಿಷಯ ಹೇಳುತ್ತೀನಿ. ಫುಸ್ತಿರಂಗ್ ಎತ್ತರದಲ್ಲಿ ನೀರು ಕುದಿಯುವುದು 86 ಡಿಗ್ರಿ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಅಷ್ಟು ಕಡಿಮೆ. ಪಾತ್ರೆಯಲ್ಲಿ ಬೇಳೆ ಇಟ್ಟರೆ ನೀರು ಕೊತಕೊತ ಅನ್ನುತ್ತಲೇ ಇರುತ್ತದೆ, ಬೇಳೆ ಮಾತ್ರ ಕಲ್ಲಿನ ಹಾಗೆ ಕೂತಿರುತ್ತದೆ. ಹಾಗಾಗಿ ಕುಕ್ಕರ್ ಬೇಕೇ ಬೇಕು. ದಪ್ಪ ತಳದ ಐದು ಲೀಟರ್ ಕುಕ್ಕರನ್ನು ಯಾರೋ ಒಬ್ಬರು ಕಾಫ್ನುವಿನಿಂದ ಅಲ್ಲಿವರೆಗೆ ತಂದಿದ್ದಾರೆ. ತಲೆನೋವಿಂದ ಟೆಂಟಿನೊಳಗೆ ಮುದುಡಿ ಮಲಗಿದ್ದ ನನಗೆ ಆ ನಿಶ್ಶಬ್ದದಲ್ಲಿ ವಿಜಿಲ್ ಕೇಳಿಸಿದಾಗ ಹಾಸನದ ಅಮ್ಮನ ಅಡುಗೆಮನೆಗೇ ಹೋಗಿಬಂದ ಹಾಗಾಯಿತು. ಎಷ್ಟು ವಿಜಿಲ್ ಅಂತ ಇವತ್ತಿಗೂ ನೆನಪಿದೆ. ಏಳು.

ಇನ್ನು "ಯಾರೂ ಕಾಲಿಡದ" ಅನ್ನುವ ಮಾತು. ಪಾಸಿನ ಆಚೆಗಿನ ಪಿನ್ ಕಣಿವೆ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಿನ್ನೌರದ ಕುರಿಗಾಹಿಗಳು ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಆ ಕಡೆ ಹೋಗುತ್ತಿದ್ದಾರೆ. ನಾವು ದಾರಿ ಅಂತ ಹಿಡಿದು ನಡೆದದ್ದು ಕುರಿಗಳ ಗೊರಸು ಸವೆಸಿದ ಗೆರೆಯನ್ನು. ಗಾಳಿಗೆ ಅಡ್ಡ ಅಂತ ನಾವು ಟೆಂಟು ಹಾಕಿದ ಕಲ್ಲಿನ ಗೋಡೆ ಅವರು ಕಟ್ಟಿದ್ದು. ಅವರ ನಾಯಿಗಳ ಕತ್ತಿನಲ್ಲಿ ಮುಳ್ಳಿನ ಕಬ್ಬಿಣದ ಪಟ್ಟಿ ಇರುತ್ತದೆ, ಚಿರತೆ ಬಾಯಿ ಹಾಕದಿರಲಿ ಅಂತ. ಯಾರೂ ಕಾಲಿಡದ ಜಾಗದಲ್ಲಿ ಆ ನಾಯಿಗಳು ಯಾರನ್ನು ಕಾಯುತ್ತವೆ? ಸರಿ, ನಮ್ಮ ಕುಮಾರಪರ್ವತದ ಹಾಗೆ ಅಲ್ಲಿ ಜನಜಾತ್ರೆ ಇಲ್ಲ. 2024ರ ಜನವರಿಯ ಆ ಕ್ಯೂ ಫೋಟೋ ನೋಡಿದ್ದೀರಲ್ಲ. ಆದರೆ ಜಾತ್ರೆ ಇಲ್ಲ ಅನ್ನೋದು ಬೇರೆ, ಜನವೇ ಇಲ್ಲ ಅನ್ನೋದು ಬೇರೆ.

"ಅವರಿಗೆ ದುಡ್ಡು ಕೊಟ್ಟಿದ್ದಾರೆ ತಾನೇ, ಅದು ಅವರ ಕೆಲಸ, ನಿನಗೇನು ಕಷ್ಟ?" ಇದು ನಮ್ಮನೆಯವರ ವಾದ. ನಿಮ್ಮಲ್ಲೂ ಒಬ್ಬಿಬ್ಬರು ಟೈಪ್ ಮಾಡೋಕೆ ಶುರು ಮಾಡಿರುತ್ತೀರಿ. ಮದುವೆಮನೆ ಅಡುಗೆ ಭಟ್ಟರಿಗೂ ದುಡ್ಡು ಕೊಡುತ್ತೀವಿ. ಆದರೂ ಕೈ ತೊಳೆಯುವಾಗ "ಯಾರ್ರೀ ಅಡುಗೆ? ಹೋಳಿಗೆ ಚೆನ್ನಾಗಿತ್ತು" ಅಂತ ಕೇಳುತ್ತೀವಾ ಇಲ್ವಾ? ಒಂದು ಹೆಸರು ಕೇಳೋದಕ್ಕೆ ಜಿಎಸ್‌ಟಿ ಇಲ್ಲ.

ಇದು ಇವತ್ತಿನ ಹುಡುಗರ ಕಾಯಿಲೆಯೂ ಅಲ್ಲ. 1924ರಲ್ಲಿ ಎವರೆಸ್ಟಿನಲ್ಲಿ ಕಾಣೆಯಾದ ಬ್ರಿಟಿಷ್ ಪರ್ವತಾರೋಹಿ ಮ್ಯಾಲರಿ ಹೆಸರು ಕ್ವಿಜ್‌ನಲ್ಲಿ ಬರುತ್ತದೆ. ಅದಕ್ಕೆ ಎರಡು ವರ್ಷ ಮೊದಲು, 1922ರಲ್ಲಿ, ಅದೇ ಬೆಟ್ಟದಲ್ಲಿ ಹಿಮ ಕುಸಿದು ಏಳು ಜನ ಸತ್ತರು. ಏಳೂ ಜನ ಹೊರೆ ಹೊರುತ್ತಿದ್ದವರು. ಒಬ್ಬರ ಹೆಸರು ಹೇಳಿ ನೋಡೋಣ. ನನಗೂ ಬರಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೀನಿ. ಬರಬಾರದು ಅಂತಲೇ ಇಷ್ಟು ಸುತ್ತಿದೆ.

ಭಾನುವಾರ ರಾತ್ರಿ ಕೋಪದಲ್ಲಿ ನನ್ನದೇ ಹಳೇ ಪೋಸ್ಟ್ ಹುಡುಕಿದೆ, 2016ರದ್ದು. ಹುಡುಗನಿಗೆ ತೋರಿಸಿ, ನೋಡಪ್ಪಾ ಹೀಗೆ ಬರೀಬೇಕು ಅನ್ನೋಣ ಅಂತ. ಸಿಕ್ಕಿತು. ಪಾಸಿನ ಮೇಲೆ ನಾನು ಬೆನ್ನು ತಿರುಗಿಸಿ ನಿಂತಿದ್ದೀನಿ, ಮುಂದೆ ಪಿನ್ ಕಣಿವೆ. ಕೆಳಗೆ ಒಂದೇ ಪದ: "ಏಕಾಂತ." ನಿಮ್ಮಲ್ಲೇ ಎಷ್ಟೋ ಜನ ಲೈಕ್ ಒತ್ತಿದ್ದೀರಿ, ಧನ್ಯವಾದ.

ಆ ಫೋಟೋ ತೆಗೆದದ್ದು ಯಾರು?

ನಮ್ಮ ಹೇಸರಗತ್ತೆಗಳನ್ನು ನಡೆಸುತ್ತಿದ್ದ ಮನುಷ್ಯ. ಕಾರಾ ಹತ್ತಿರ ಹೊಳೆ ದಾಟಬೇಕಿತ್ತು. ಬಿಸಿಲೇರಿದರೆ ಹಿಮ ಕರಗಿ ನೀರು ಏರುತ್ತದೆ ಅಂತ ಬೆಳಿಗ್ಗೆ ಐದಕ್ಕೇ ಎಬ್ಬಿಸಿದ. ನಾನು ಗೊಣಗಿದೆ. ನೀರಿಗಿಳಿದಾಗ ಕೈ ಚಾಚಿದೆ. ಅವನು ಕೈ ಹಿಡಿಯಲಿಲ್ಲ, ಮಣಿಕಟ್ಟು ಹಿಡಿದ. ಬೆರಳು ಜಾರುತ್ತವೆ ಮೇಡಂಜೀ ಅಂದ. ನಡುನೀರಲ್ಲಿ ಕಾಲು ಜಾರಿತು. ಅವನು ಬಿಡಲಿಲ್ಲ. ಆಚೆ ದಡದಲ್ಲಿ ನೋಡಿದರೆ ಮಣಿಕಟ್ಟಿನ ಮೇಲೆ ಅವನ ನಾಲ್ಕು ಬೆರಳಿನ ಕೆಂಪು ಗುರುತು. ಎರಡು ದಿನ ಬಿಟ್ಟು ಅವನ ಕೈಗೆ ನನ್ನ ಫೋನ್ ಕೊಟ್ಟು, ನಾನು ಒಬ್ಬಳೇ ಇರುವ ಹಾಗೆ ತೆಗಿ ಅಂದೆ.

ಅವನ ಹೆಸರು ನೆನಪಾಗಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಯೋಚಿಸಿದೆ. ಕೊನೆಗೆ ಅಟ್ಟ ಹತ್ತಿ (ಮಂಡಿ ಕಥೆ ಆಮೇಲೆ) ಆ ವರ್ಷದ ಡೈರಿ ಇಳಿಸಿದೆ. ಬ್ಯಾಂಕಿನಲ್ಲಿದ್ದವಳು ನಾನು, ಲೆಕ್ಕ ಪಕ್ಕಾ. ಟೀ, ಬಸ್ ಚಾರ್ಜು, ಕಾಜಾದ ರೂಮು, ಎಲ್ಲ ಇದೆ. ಕೊನೆಯಲ್ಲಿ, ಹೇಸರಗತ್ತೆಯವನು ಅಂತ ಹಿಂದಿಯಲ್ಲಿ, "ಖಚ್ಚರ್‌ವಾಲಾ, ಟಿಪ್ಸ್ 500."

ಅದರ ಕೆಳಗೆ ಹೇಸರಗತ್ತೆಗಳ ಹೆಸರು ಬರೆದಿಟ್ಟಿದ್ದೀನಿ, ತಮಾಷೆ ಅನ್ನಿಸಿತ್ತು ಅಂತ. ಬಿಜಲಿ, ರಾಜು, ಮಿನಿಸ್ಟರ್.