ಪ್ಲಗ್ ಕಿತ್ತರೂ ಹಾಡಬೇಕು

ಈಗಷ್ಟೇ ಕರೆಂಟು ಹೋಗಿ ಬಂತು. ಅಮ್ಮನ ಕೋಣೆಯ ಪುಟ್ಟ ಪೆಟ್ಟಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನಾಗಿಯೇ ಅದೇ ಹಾಡನ್ನು ಮತ್ತೆ ಶುರು ಮಾಡಿತು. ಯಾರೂ ಎದ್ದು ಹೋಗಿ ಏನೂ ಮುಟ್ಟಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಕೆಲಸ ಬಿಟ್ಟು ಇದನ್ನು ಬರೆಯಲು ಕೂತಿದ್ದೇನೆ.

ನಾನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಇಟ್ಟುಕೊಂಡು ಮ್ಯೂಸಿಕ್ ಪ್ಲೇಯರ್ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತು. ಅದರಲ್ಲಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಮಾದರಿ. 512 ಎಂಬಿ ರ‍್ಯಾಮ್, ಹಾಡಿಗೆ ಅಷ್ಟು ಧಾರಾಳ. ಅದರಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಹಾಗಾಗಿ ಪಿಸಿಎಂ5102 ಚಿಪ್ಪಿನ ಡ್ಯಾಕ್ ಬೋರ್ಡು (ಡಿಜಿಟಲ್ ಹಾಡನ್ನು ಕೇಳುವ ಸದ್ದಿನ ಸಿಗ್ನಲ್ ಮಾಡುವಂಥದ್ದು) ಸೇರಿಸಿದೆ. ಪೈಯ ಜಿಪಿಐಒ ಪಿನ್ 18, 19, 21ಕ್ಕೆ ಮೂರು ತಂತಿ, ಪವರ್ ಮತ್ತು ಗ್ರೌಂಡಿಗೆ ಎರಡು. ಹಾಡು ನುಡಿಸುವ ಕೆಲಸ ಎಂಪಿಡಿ ಅನ್ನುವ ಸಾಫ್ಟ್‌ವೇರಿನದ್ದು. ಒಂದೇ ಸಂಜೆಗೆ ಹಾಡು ಬಂತು.

ಅಲ್ಲಿಯವರೆಗೆ ಎಲ್ಲರೂ ಹೇಳಿಕೊಡುತ್ತಾರೆ. ಸ್ಕ್ರೀನ್ ಕೂರಿಸುವುದಕ್ಕೆ ವಿಡಿಯೋ ಇದೆ, ಆಲ್ಬಂ ಚಿತ್ರ ತೋರಿಸುವುದಕ್ಕೆ ಇದೆ, ಡಬ್ಬಿ ಪ್ರಿಂಟ್ ಮಾಡುವುದಕ್ಕೂ ಇದೆ. ಓಡುತ್ತಿರುವಾಗ ಪ್ಲಗ್ ಕಿತ್ತರೆ ಏನಾಗುತ್ತದೆ ಅಂತ ಮಾತ್ರ ನಾನು ನೋಡಿದ ಒಂದರಲ್ಲೂ ಇರಲಿಲ್ಲ. ನನ್ನ ಸಿಟ್ಟು ಅದಕ್ಕೇ. ಸಿಸ್ಟಂ ಇರುವ ಮೆಮೊರಿ ಕಾರ್ಡಿಗೆ ಏನೋ ಬರೆಯುತ್ತಿರುವಾಗಲೇ ಪವರ್ ಹೋದರೆ ಫೈಲ್‌ಗಳು ಕೆಡುತ್ತವೆ, ಮಾರನೆಯ ದಿನ ಪೆಟ್ಟಿಗೆ ಏಳುವುದೇ ಇಲ್ಲ. ನನಗೆ ಮೂರು ಸಲ ಹೀಗಾಯಿತು. ಮೂರನೆಯ ಸಲ ಅಪ್ಪನ ಹಳೇ ಕ್ಯಾಸೆಟ್‌ಗಳಿಂದ ತೆಗೆದ ಹಾಡುಗಳೂ ಹೋದವು. ಎರಡು ರಾತ್ರಿ ಕೂತು ಮತ್ತೆ ರೆಕಾರ್ಡ್ ಮಾಡಿದೆ.

ಆವತ್ತು ಅಮ್ಮನ ಮೇಲೆ ರೇಗಿದ್ದೆ. ಮಲಗುವ ಮುಂಚೆ ಎಲ್ಲ ಪ್ಲಗ್ ಕೀಳುವುದು ಅವಳ ಅಭ್ಯಾಸ. ಅವಳು ಏನೂ ಹೇಳಲಿಲ್ಲ, ಆಮೇಲೆ ಒಂದು ವಾರ ಪೆಟ್ಟಿಗೆಯ ಹತ್ತಿರವೇ ಹೋಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

"ಶಟ್‌ಡೌನ್ ಬಟನ್ ಹಾಕು, ಅವರಿಗೆ ಹೇಳಿಕೊಡು" ಅಂದರು ಗೆಳೆಯರು. ಹಾಕಿದ್ದೆ. ಆದರೆ ಕರೆಂಟು ಯಾರನ್ನು ಕೇಳಿ ಹೋಗುತ್ತದೆ? ಇಷ್ಟು ವರ್ಷ ರೇಡಿಯೋದ ಕಿವಿ ಹಿಂಡಿ ಆರಿಸಿದವಳು, ಬಟನ್ ಒತ್ತಿ, ದೀಪ ಆರುವವರೆಗೆ ಕಾದು, ಆಮೇಲೆ ಪ್ಲಗ್ ಕೀಳಬೇಕಾ? ತಪ್ಪು ಪೆಟ್ಟಿಗೆಯದ್ದು, ಅವಳದ್ದಲ್ಲ. ಗೆಳೆಯರ ಮಾತು ನಾನು ಒಪ್ಪುವುದೇ ಇಲ್ಲ.

ಪರಿಹಾರ ಪೈಯ ಸೆಟ್ಟಿಂಗ್ ಮೆನು ರಾಸ್ಪಿ-ಕಾನ್ಫಿಗ್ ಒಳಗೇ ಇತ್ತು! ಓವರ್‌ಲೇ ಫೈಲ್ ಸಿಸ್ಟಂ. ಅದನ್ನು ಆನ್ ಮಾಡಿದರೆ ಬರೆಯುವುದೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಸಿಸ್ಟಂ ಇರುವ ಜಾಗವನ್ನು ಯಾರೂ ಮುಟ್ಟುವುದಿಲ್ಲ. ಆದರೆ ಆಗ ಎಂಪಿಡಿಗೂ ಮರೆವು, ಯಾವ ಹಾಡಿನಲ್ಲಿ ನಿಂತಿತ್ತು ಅನ್ನುವುದೂ ನೆನಪಿರುವುದಿಲ್ಲ. ಅದಕ್ಕೆ ಕಾರ್ಡಿನಲ್ಲೇ ಒಂದು ಚಿಕ್ಕ ಭಾಗ (ಪಾರ್ಟಿಷನ್) ಬೇರೆ ಮಾಡಿ, ಎಲ್ಲಿ ನಿಂತಿತ್ತು ಅಂತ ಎಂಪಿಡಿ ಬರೆದಿಡುವ ಸ್ಟೇಟ್ ಫೈಲನ್ನು ಅಲ್ಲಿಟ್ಟೆ. ಕೆಟ್ಟರೆ ಅದೊಂದೇ ಕೆಡಲಿ, ಪೆಟ್ಟಿಗೆ ಏಳುತ್ತದೆ. ಹಾಡುಗಳು ಪೆನ್‌ಡ್ರೈವ್‌ನಲ್ಲಿವೆ, ಓದುವುದಕ್ಕೆ ಮಾತ್ರ. ಇನ್ನೊಂದು ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಇದೆ.

ಯಾರಾದರೂ ಇಂಥದ್ದು ಮಾಡುತ್ತಿದ್ದರೆ ಕೇಳಿ, ನನ್ನ ಸೆಟ್ಟಿಂಗ್ ಎಲ್ಲ ಕಳಿಸುತ್ತೇನೆ. ಸ್ಕ್ರೀನ್ ಆಮೇಲೆ ನೋಡಿಕೊಳ್ಳಿ. ಹಾಡು ಬರುತ್ತಿರುವಾಗಲೇ ಹತ್ತು ಸಲ ಪ್ಲಗ್ ಕಿತ್ತು ನೋಡಿ, ಹತ್ತೂ ಸಲ ಎದ್ದರೆ ಮನೆಯವರ ಕೈಗೆ ಕೊಡಿ.