ಯಾವ ಜಾತಿ ಕೋಳಿ?

ನಮ್ಮ ಹಿತ್ತಲಿಗೆ ಬಂದವರು ಕೋಳಿ ನೋಡಿದ ಕೂಡಲೇ ಕೇಳುವುದು ಎಷ್ಟು ಮೊಟ್ಟೆ ಇಡುತ್ತವೆ ಅಂತ ಅಲ್ಲ. "ಯಾವ ಜಾತಿ?" ಅಂತ. ಇದೇ ಪ್ರಶ್ನೆಯನ್ನು ಮನುಷ್ಯರಿಗೆ ಕೇಳಬೇಕಾದರೆ ಸ್ವಲ್ಪ ಸುತ್ತು ಬಳಸುತ್ತಾರೆ. ಯಾವೂರು, ಅಡ್ಡಹೆಸರು ಏನು, ಮನೆದೇವರು ಯಾರು, ಹೀಗೆ ಒಂದೊಂದೇ ಬಾಗಿಲು ತಟ್ಟಿ ಒಳಗೆ ಬರುತ್ತಾರೆ. ಕೋಳಿಗೆ ಅಷ್ಟೂ ಮರ್ಯಾದೆ ಇಲ್ಲ. ನೇರವಾಗಿ ಕೇಳಿಬಿಡುತ್ತಾರೆ.

"ಬೆರಕೆ" ಅನ್ನುತ್ತೇನೆ ನಾನು. ಕೇಳಿದವರ ಮುಖ ಸ್ವಲ್ಪ ಇಳಿಯುತ್ತದೆ. ಕಡಕ್‌ನಾಥ್ ಅಂದಿದ್ದರೆ ರೇಟು ಕೇಳುತ್ತಿದ್ದರು. ಜವಾರಿ ಅಂದಿದ್ದರೆ ಸಾರಿನ ಮಾತು ಬರುತ್ತಿತ್ತು. ಬೆರಕೆ ಅಂದಮೇಲೆ ಮಾತು ಮಳೆ ಬೆಳೆಗೆ ಹೋಗುತ್ತದೆ.

ಬೆರಕೆಯೇ ಬೇಕು ಅಂತ ತಂದದ್ದಲ್ಲ. ದೀಪಾವಳಿ ಮುಗಿದ ವಾರ ಹರಿಹರದ ರಸ್ತೆಯಲ್ಲಿ ಒಬ್ಬರು ಬೈಕಿನ ಹಿಂದೆ ಪಂಜರ ಕಟ್ಟಿಕೊಂಡು ಮರಿ ಮಾರುತ್ತಿದ್ದರು. "ಎಲ್ಲಾ ಒಂದೇ ಜಾತಿ ಮೇಡಂ, ಎಲ್ಲಾ ಹ್ಯಾಟೆನೇ" ಅಂದರು. ಪಂಜರದೊಳಗೆ ಒಂದು ಕಪ್ಪು, ಒಂದು ಹಳದಿ, ಒಂದಕ್ಕೆ ಬೆನ್ನ ಮೇಲೆ ಅಳಿಲಿನ ಗೆರೆ, ಇನ್ನೊಂದಕ್ಕೆ ಕುತ್ತಿಗೆಯಲ್ಲಿ ಕೂದಲೇ ಇಲ್ಲ. ಒಂದೇ ಜಾತಿ ಅನ್ನುವ ಮಾತನ್ನು ನಾನು ಯಾಕೆ ನಂಬಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಎಂಟು ಮರಿ ರಟ್ಟಿನ ಡಬ್ಬಿಯಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಅವರು ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಕೋಳಿ ಸಾಕಿ ಬೆಳೆದವರು. "ಇದೇನವ್ವ, ಸಂತಿನೇ ತಂದೀಯಲ್ಲ!" ಅಂದರು.

ಮೊದಲ ಕಷ್ಟ ಬಲ್ಬಿನದು. ತಾಯಿ ಇಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಅದಕ್ಕೆ ಹಳೇ ಕಾಲದ 60 ವಾಟಿನ ಬಲ್ಬು ಸಾಕು. ಆದರೆ ಈಗ ಎಲ್ಲಿ ಸಿಗುತ್ತದೆ? ಎಲ್ಲ ಕಡೆ ಎಲ್‌ಇಡಿ. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ನಾಲ್ಕು ಅಂಗಡಿ ಸುತ್ತಿದೆ. ಐದನೆಯವರು ಏಣಿ ಹತ್ತಿ, ಅಟ್ಟದ ಮೇಲಿಂದ ಧೂಳು ಹಿಡಿದ ಎರಡು ಬಲ್ಬು ಇಳಿಸಿ, ಒರೆಸುತ್ತಾ "ಕೋಳಿ ಮರಿ ತಂದ್ರಾ?" ಅಂದರು. ಅದನ್ನು ಮನೆ ಬೆಳಗಿಸೋಕೆ ಯಾರೂ ಕೇಳುವುದಿಲ್ಲವಂತೆ.

ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ, ಕೆಳಗೆ ಭತ್ತದ ಹೊಟ್ಟು, ಮೇಲೆ ಬಲ್ಬು. ಹೊಟ್ಟಿಗೇನು, ದಾವಣಗೆರೆಯಲ್ಲಿ ಬರವಿಲ್ಲ. ಭದ್ರಾ ನಾಲೆಯ ಭತ್ತ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಎಲ್ಲ ಇಲ್ಲೇ ಇವೆ. ನಾನು ಥರ್ಮಾಮೀಟರ್ ಇಳಿಬಿಟ್ಟು ಅರ್ಧ ಗಂಟೆಗೊಮ್ಮೆ ಬಗ್ಗಿ ನೋಡುತ್ತಿದ್ದೆ. ಅತ್ತೆ ಅದನ್ನು ನೋಡುತ್ತಲೇ ಇರಲಿಲ್ಲ. ಮರಿಗಳನ್ನು ನೋಡುತ್ತಿದ್ದರು. ಎಲ್ಲವೂ ಬಲ್ಬಿನ ಕೆಳಗೆ ಗುಂಪಾಗಿ ಚೀಂಯ್‌ಗುಟ್ಟಿದರೆ ಚಳಿ. ಮೂಲೆ ಹಿಡಿದು ಬಾಯಿ ತೆರೆದರೆ ಸೆಕೆ. ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಎರಡು ದಿನದಲ್ಲಿ ನಾನೂ ಥರ್ಮಾಮೀಟರ್ ಎತ್ತಿಟ್ಟೆ.

ಆದರೂ ಮೂರನೇ ದಿನ ಒಂದು ಮರಿ ಸತ್ತಿತು. ಕಾರಣ ಗೊತ್ತಾಗಲಿಲ್ಲ. ಇನ್ನೊಂದನ್ನು ಬೆಕ್ಕು ಒಯ್ದದ್ದು ಮಾತ್ರ ನನ್ನದೇ ತಪ್ಪು. ತಿಂಗಳಾದ ಮೇಲೆ ಹೊರಗೆ ಗೂಡು ಮಾಡಿಸಿ ಕೋಳಿ ಮೆಶ್ ಹೊಡೆಸಿದ್ದೆ. ಆ ಮೆಶ್ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಬೆಕ್ಕಿನ ಕೈ ಒಳಗೆ ಬರದಂತೆ ತಡೆಯುವುದಿಲ್ಲ. ಬೆಳಿಗ್ಗೆ ತಂತಿಯ ಹೊರಗೆ ನಾಲ್ಕು ಪುಕ್ಕ ಬಿದ್ದಿದ್ದವು. ಅವತ್ತೇ ಅರ್ಧ ಇಂಚಿನ ವೆಲ್ಡ್ ಮೆಶ್ ತಂದೆವು. ಬುದ್ಧಿ ಯಾವಾಗಲೂ ಒಂದು ಮರಿ ತಡ.

ಲಸಿಕೆಯದು ಬೇರೆಯೇ ಕತೆ. ಕೊಕ್ಕರೆ ರೋಗ ಬಂದರೆ ಹಿತ್ತಲೇ ಖಾಲಿ. ಅದಕ್ಕೆ ಮೊದಲ ವಾರದಲ್ಲೇ ಲಸೋಟ ಹಾಕಿಸಬೇಕು, ಕಣ್ಣಿಗೆ ಒಂದೊಂದೇ ಹನಿ. ಆದರೆ ಸೀಸೆ ಸಿಗುವುದು ನೂರಾರು ಕೋಳಿಯ ಲೆಕ್ಕದಲ್ಲಿ. ನಮ್ಮ ಮನೆಯಲ್ಲಿ ಆಗ ಏಳು. ಕಲಸಿದ ಮೇಲೆ ಇಡುವ ಹಾಗಿಲ್ಲ, ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದು ದಂಡ ಆಗುತ್ತದಲ್ಲ ಅಂತ ಆ ಬೀದಿ ಈ ಬೀದಿ ವಿಚಾರಿಸಿದೆ. ನಮ್ಮ ಬಡಾವಣೆಯಲ್ಲಿ ಇಷ್ಟು ಜನ ಕೋಳಿ ಸಾಕುತ್ತಾರೆ ಅಂತ ಗೊತ್ತಾದದ್ದೇ ಅವತ್ತು. ನೀರಿನ ಟ್ಯಾಂಕಿನ ಪಕ್ಕದ ಮನೆ, ಟೈಲರ್ ಮನೆ, ಮಹಡಿ ಮೇಲೆ ಗುಟ್ಟಾಗಿ ಮೂರು ಸಾಕಿದವರು, ಎಲ್ಲರೂ ಬುಟ್ಟಿ ಹಿಡಿದು ಬಂದರು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಇಟ್ಟುಕೊಂಡು ನಮ್ಮ ಜಗಲಿ ಒಂದು ಗಂಟೆ ಪಶು ಆಸ್ಪತ್ರೆ ಆಗಿತ್ತು.

ಉಳಿದ ಆರಕ್ಕೂ ಮಗಳು ಹೆಸರಿಟ್ಟಳು. ದಪ್ಪಗೆ ಬಿಳಿಚಿಕೊಂಡು ಬೆಳೆದದ್ದು ಬೆಣ್ಣೆ. ಕೆಂಪಗಿದ್ದದ್ದು ಮಿರ್ಚಿ. ಬೂದು ಬಿಳಿ ಗೆರೆಯದ್ದು ಪಟ್ಟೆ. ಕಪ್ಪು ಕಾಲು, ಕಪ್ಪು ಕೊಕ್ಕಿನದು ಕಾಡಿಗೆ. ಕುತ್ತಿಗೆ ಬೋಳಿದ್ದದ್ದು ಬೋಳಿ. ಆರನೆಯದಕ್ಕೆ ಮಂಡಕ್ಕಿ. ಮೂರು ತಿಂಗಳಾಗುವಷ್ಟರಲ್ಲಿ ಮಂಡಕ್ಕಿಗೆ ಜುಟ್ಟು ಕೆಂಪಾಗಿ ಬಾಲದಲ್ಲಿ ಕುಡುಗೋಲಿನಂಥ ಗರಿ ಬಂತು. ಬೋಳಿ ಒಂದು ಬೆಳಿಗ್ಗೆ ಗೋಡೆ ಹತ್ತಿ, ಒಡೆದ ಪೀಪಿಯ ಹಾಗೆ ಒಂದು ದನಿ ತೆಗೆದಳು. ಮರುದಿನ ಇನ್ನೂ ಉದ್ದವಾಗಿ ತೆಗೆದಳು. ಹೀಗೆ "ಎಲ್ಲಾ ಹ್ಯಾಟೆ"ಯಲ್ಲಿ ಎರಡು ಹುಂಜ ಹೊರಟವು. ಎರಡು ಹುಂಜ ಒಂದು ಹಿತ್ತಲಿಗೆ ಜಾಸ್ತಿ. ಮಂಡಕ್ಕಿ ನಾದಿನಿಯ ಊರಿಗೆ ಹೋಯಿತು. ಅಲ್ಲಿ ಏನಾಯಿತು ಅಂತ ಮಗಳು ಕೇಳಿಲ್ಲ, ನಾವೂ ಹೇಳಿಲ್ಲ. ಬೋಳಿ ಬೋಳ ಆದ.

ಬೋಳನ ಕೂಗು ಶುರುವಾದದ್ದು ನಾಲ್ಕು ಗಂಟೆಗೆ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗುವುದಿಲ್ಲ ಅಂದುಕೊಂಡ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಅಜ್ಜಿಯನ್ನು ನೋಡಿ ನಕ್ಕಿದ್ದೂ ಆಗಿದೆ. ಜಪಾನಿನ ನಗೋಯ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ದಿನವಿಡೀ ಮಬ್ಬು ಬೆಳಕಿನಲ್ಲೇ ಇಟ್ಟು ನೋಡಿದರು. ಬೆಳಗು ಕಾಣದಿದ್ದರೂ ಅವು ಬೆಳಗಿನ ಹೊತ್ತಿಗೆ ಸರಿಯಾಗಿ ಕೂಗಿದವು. ಗಡಿಯಾರ ಮೈಯೊಳಗೇ ಇದೆಯಂತೆ. ಅಂದರೆ ಹುಂಜ ಸೂರ್ಯನನ್ನು ನೋಡಿ ಕೂಗುವುದಿಲ್ಲ, ಅವನಿಗಿಂತ ಮೊದಲೇ ಕೂಗುತ್ತದೆ. ಅಜ್ಜಿ ಅಷ್ಟೇನೂ ತಪ್ಪಾಗಿ ಲೆಕ್ಕ ಹಾಕಿರಲಿಲ್ಲ, ಅಲ್ವಾ? ಇದನ್ನು ಪಕ್ಕದ ಮನೆಯವರಿಗೆ ವಿವರಿಸಿದೆ. ಅವರಿಗೆ ನಗೋಯ ಬೇಡವಾಗಿತ್ತು, ನಿದ್ದೆ ಬೇಕಾಗಿತ್ತು. ಮನೆಯಲ್ಲಿ ಮೊಟ್ಟೆ ಮುಟ್ಟದವರು, ಮೊಟ್ಟೆ ಕೊಟ್ಟು ಸಮಾಧಾನ ಮಾಡುವ ಹಾಗೂ ಇಲ್ಲ. ಕೊನೆಗೆ ಅವರೇ ಒಂದು ದಿನ ಕಾಂಪೌಂಡಿನ ಮೇಲಿಂದ ಬಕೆಟ್ ಚಾಚಿ ಗುಲಾಬಿಗೆ ಗೊಬ್ಬರ ಕೇಳಿದರು. ಹಸಿ ಗೊಬ್ಬರ ಹಾಕಿದರೆ ಗಿಡ ಸುಟ್ಟುಹೋಗುತ್ತದೆ, ಕೊಳೆಸಿ ಕೊಡುತ್ತೇನೆ ಅಂದೆ. ಅಂದಿನಿಂದ ನಾಲ್ಕು ಗಂಟೆಯ ಕೂಗಿಗೆ ತಿಂಗಳಿಗೆ ಎರಡು ಬಕೆಟ್ ತೆರುತ್ತಿದ್ದೇನೆ.

ಸಂಕ್ರಾಂತಿಗೆ ಅತ್ತೆ ಊರಿಂದ ಒಂದು ಜವಾರಿ ಹ್ಯಾಟೆ ತಂದರು. ಮೈಯೆಲ್ಲ ಒಣಗಿದ ಎಲೆಯ ಬಣ್ಣ. ಕೈಯಲ್ಲಿ ಹಿಡಿದರೆ ಹಿಡಿ ಹತ್ತಿ. ಹೊಸಬಳನ್ನು ಒಮ್ಮೆಲೇ ಬಿಟ್ಟರೆ ಕುಕ್ಕಿ ಹಾಕುತ್ತವೆ ಅಂತ ನಡುವೆ ತಂತಿ ಕಟ್ಟಿ ಎರಡು ವಾರ ದೂರದಿಂದಲೇ ಪರಿಚಯ ಮಾಡಿಸಿದೆ. ತಂತಿ ತೆಗೆದ ದಿನ ಬೆಣ್ಣೆಯದೇ ಭಯ ನನಗೆ. ಗಿರಿರಾಜ ಅನ್ನುವ ದೊಡ್ಡ ತಳಿಯ ರಕ್ತ ಇದ್ದ ಹಾಗಿತ್ತು, ಉಳಿದವುಗಳ ಒಂದೂವರೆ ಪಟ್ಟು ಗಾತ್ರ. ಆದರೆ ಬೆಣ್ಣೆ ಅಲ್ಲಾಡಲಿಲ್ಲ. ಮುಂದೆ ಬಂದದ್ದು ಎಲ್ಲರಿಗಿಂತ ಸಣ್ಣ ಕಾಡಿಗೆ. ಹೊಸಬಳೂ ಕಾಡಿಗೆಯೂ ಕುತ್ತಿಗೆಯ ಪುಕ್ಕ ಛತ್ರಿಯ ಹಾಗೆ ಬಿಚ್ಚಿ, ಮೂಗಿಗೆ ಮೂಗು ಇಟ್ಟು ನಿಂತವು. ಒಂದು ನಿಮಿಷ ಆಗಿರಬಹುದು. ಜವಾರಿ ಟಪ್ ಅಂತ ಕಾಡಿಗೆಯ ಜುಟ್ಟಿಗೆ ಒಂದು ಕೊಟ್ಟಿತು. ಕಾಡಿಗೆ ತಿರುಗಿ, ಸಿಟ್ಟನ್ನು ಬೆಣ್ಣೆಯ ಮೇಲೆ ತೀರಿಸಿಕೊಂಡಿತು. ಬೆಣ್ಣೆ ಮಿರ್ಚಿಯನ್ನು ಕುಕ್ಕಿತು. ಮಿರ್ಚಿ ಪಟ್ಟೆಯನ್ನು. ಪಟ್ಟೆಗೆ ಕುಕ್ಕೋಕೆ ಯಾರೂ ಉಳಿದಿರಲಿಲ್ಲ, ಹೋಗಿ ನೀರು ಕುಡಿಯಿತು. ಸಾಯಂಕಾಲ ಕಾಳು ಹಾಕಿದಾಗ ಅದೇ ಸಾಲಿನಲ್ಲಿ ಬಂದವು. ಜವಾರಿಗೆ ಮಗಳು ಯಜಮಾನಿ ಅಂತ ಹೆಸರಿಟ್ಟಳು.

ಮೊದಲು ಬರೀ ಮೆಕ್ಕೆಜೋಳದ ನುಚ್ಚು ಹಾಕುತ್ತಿದ್ದೆ. ಜಿಲ್ಲೆ ತುಂಬ ಮೆಕ್ಕೆಜೋಳ, ಸುಲಭ ಅಂತ. ಮಂಡಕ್ಕಿಯನ್ನೂ ಹಾಕಿದ್ದಿದೆ. ಅದಕ್ಕಂತೂ ದಾವಣಗೆರೆ ಕೋಳಿ ಅನ್ನುವುದನ್ನು ತೋರಿಸಿ ಬಿದ್ದು ಬಿದ್ದು ತಿಂದವು. "ಹೊಟ್ಟಿ ತುಂಬ್ತತಿ, ಮೊಟ್ಟಿ ತುಂಬಂಗಿಲ್ಲ" ಅಂದರು ಅತ್ತೆ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಶೇಕಡ 16ರಷ್ಟಾದರೂ ಪ್ರೋಟೀನ್ ಇರಬೇಕು, ಮೆಕ್ಕೆಜೋಳದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಶೇಂಗಾ ಹಿಂಡಿ ಬಂತು, ಲೇಯರ್ ಮ್ಯಾಶ್ ಅನ್ನುವ ಮೊಟ್ಟೆಕೋಳಿ ಮೇವು ಬಂತು, ಒಡೆದ ಮೊಟ್ಟೆಯ ಚಿಪ್ಪು ಕುಟ್ಟಿ ಬಟ್ಟಲಲ್ಲಿ ಇಟ್ಟದ್ದೂ ಆಯಿತು.

ಏಪ್ರಿಲ್ ಕೊನೆಗೆ ಮೊಟ್ಟೆ ಶುರುವಾದವು. ಆಗಲೇ ಗೊತ್ತಾದದ್ದು, ಬೆರಕೆ ಹಿತ್ತಲಿನ ಬುಟ್ಟಿಯಲ್ಲಿ ಮೊಟ್ಟೆಗೆ ಹಾಜರಿ ಹಾಕಬಹುದು. ಗಾಢ ಕಂದು ಬೆಣ್ಣೆಯದು. ಟೀ ಬಣ್ಣದ್ದು ಮಿರ್ಚಿಯದು. ಸಣ್ಣಗೆ, ಕೆನೆಬಣ್ಣದಲ್ಲಿ ಉದ್ದವಾಗಿ ಇದ್ದರೆ ಯಜಮಾನಿಯದು. ಕಾಡಿಗೆಯ ಮೊಟ್ಟೆ ಕಪ್ಪಗಿರುತ್ತದಾ ಅಂತ ಕೇಳಿದವರಿಗೆ ಲೆಕ್ಕವಿಲ್ಲ. ಕಡಕ್‌ನಾಥ್ ಕೋಳಿಯ ಚರ್ಮ ಕಪ್ಪು, ಮಾಂಸ ಕಪ್ಪು, ಮೂಳೆಯೂ ಕಪ್ಪು. ಮೊಟ್ಟೆ ಮಾತ್ರ ಸುಮ್ನೆ ಕೆನೆಬಣ್ಣ. ತೋರಿಸಿದರೆ ಮೋಸ ಹೋದವರ ಹಾಗೆ ನೋಡುತ್ತಾರೆ.

ಮೇ ತಿಂಗಳ ಬಿಸಿಲು ಗೊತ್ತಲ್ಲ. ಕೋಳಿಗೆ ಬೆವರು ಬರುವುದಿಲ್ಲ. ಎಲ್ಲವೂ ರೆಕ್ಕೆ ಅಗಲಿಸಿ ಬಾಯಿ ತೆರೆದು ಸೀಬೆ ಗಿಡದ ಕೆಳಗೆ ಬಿದ್ದಿರುತ್ತಿದ್ದವು. ಬೋಳ ಮಾತ್ರ ಓಡಾಡಿಕೊಂಡಿದ್ದ. ಕುತ್ತಿಗೆ ಬೋಳು ಕೋಳಿಗೆ ಮೈಮೇಲೂ ಪುಕ್ಕ ಕಡಿಮೆ, ಬಿಸಿ ಬೇಗ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ನೋಡಿದವರೆಲ್ಲ ಅವನಿಗೆ ಯಾವ ರೋಗ ಅಂತ ಕೇಳುತ್ತಿದ್ದರು.

ಆ ರಜೆಯಲ್ಲಿ ಈ ಜಾತಿಯ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಳ್ಳೋಣ ಅಂತ ಓದೋಕೆ ಕೂತೆ. ಓದಿದಷ್ಟೂ ನಗು ಬಂತು. ಬೆಣ್ಣೆಯ ಕಡೆಯ ಗಿರಿರಾಜನನ್ನೇ ದೊಡ್ಡ ಜಾತಿ ಅಂತ ನಂಬಿದ್ದೆ. ಅದು ಬೆಂಗಳೂರಿನ ಹೆಬ್ಬಾಳದಲ್ಲಿ ಕಾರ್ನಿಷ್, ಪ್ಲಿಮತ್ ರಾಕ್, ನ್ಯೂ ಹ್ಯಾಂಪ್‌ಶೈರ್ ತಳಿಗಳನ್ನೆಲ್ಲ ಸೇರಿಸಿ ಮಾಡಿದ ಕೋಳಿ. ಸರ್ಕಾರಿ ಬೆರಕೆ! ಇನ್ನೂ ಹಿಂದಕ್ಕೆ ಹೋದರೆ, ಜಗತ್ತಿನ ಸಾಕುಕೋಳಿಗಳಿಗೆಲ್ಲ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲಿನ ಗುಣ ಮಾತ್ರ ಅದರಿಂದ ಬಂದದ್ದಲ್ಲ, ದಕ್ಷಿಣದ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ಗೊತ್ತಾಯಿತು. ಆ ಬೂದು ಕಾಡುಕೋಳಿ ಇರುವುದು ಎಲ್ಲೋ ಅಲ್ಲ, ನಮ್ಮ ನಾಲೆಗೆ ನೀರು ಕಳಿಸುವ ಭದ್ರಾ ಕಾಡಿನಲ್ಲೂ ಇದೆ. ಶುದ್ಧ ತಳಿ ಅಂತ ಸಾವಿರಾರು ರೂಪಾಯಿ ಕೊಟ್ಟು ತಂದ ವಿಲಾಯತಿ ಕೋಳಿಯ ಕಾಲು ಹಳದಿ ಇದ್ದರೆ, ಅದರ ವಂಶದಲ್ಲಿ ಯಾವುದೋ ಕಾಲಕ್ಕೆ ನಮ್ಮ ಕಡೆಯವರು ಯಾರೋ ಬೇಲಿ ಹಾರಿದ್ದಾರೆ. ಹಿತ್ತಲಿಗೆ ಹೋಗಿ ಕಾಲು ನೋಡಿದೆ. ಮಿರ್ಚಿ, ಪಟ್ಟೆ, ಬೆಣ್ಣೆ, ಮೂವರದೂ ಹಳದಿ.

ಜೂನಿನಲ್ಲಿ ಯಜಮಾನಿ ಕಾವಿಗೆ ಕೂತಳು. ಫಾರಂ ತಳಿಗಳಲ್ಲಿ ಕಾವಿನ ಆಸೆಯನ್ನೇ ತೆಗೆದುಹಾಕಿದ್ದಾರೆ, ಜವಾರಿಗೆ ಇನ್ನೂ ಇದೆ. ಅತ್ತೆ ಎಲ್ಲರ ಮೊಟ್ಟೆ ಸೇರಿಸಿ ಒಂಬತ್ತು ಇಟ್ಟರು. ಬೆಸ ಸಂಖ್ಯೆಯೇ ಆಗಬೇಕಂತೆ. ಗುಡುಗಿಗೆ ಕೆಡದಿರಲಿ ಅಂತ ಹುಲ್ಲಿನಡಿ ಒಂದು ಕಬ್ಬಿಣದ ಮೊಳೆಯನ್ನೂ ಇಟ್ಟರು. ನಾನು ಮಾತಾಡಲಿಲ್ಲ. ಎಂಟನೇ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ನೋಡಿದೆವು. ಏಳರಲ್ಲಿ ಜೇಡರ ಬಲೆಯಂಥ ಕೆಂಪು ನರ, ನಡುವೆ ಹುರುಳಿಕಾಳಿನಷ್ಟು ಕಪ್ಪು ಚುಕ್ಕೆ. ಅದು ಅಲ್ಲಾಡಿತು. ಮಗಳು ಉಸಿರು ಬಿಡುವುದನ್ನೇ ಮರೆತಳು. ಎರಡು ಮೊಟ್ಟೆ ಬರೀ ಹಳದಿ ಬೆಳಕು.

ಇಪ್ಪತ್ತೊಂದನೇ ದಿನ ಏಳೂ ಒಡೆದವು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಮೂರು ಮರಿಗೆ ಬೋಳನ ಬರಿಗುತ್ತಿಗೆ, ಮುಂದೆ ಮಾತ್ರ ಬೋ ಟೈ ಕಟ್ಟಿದ ಹಾಗೆ ಒಂದು ಗೊಂಡೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಗುಣ ಬಂದರೆ ಕುತ್ತಿಗೆ ಪೂರಾ ಬೋಳು, ಒಬ್ಬರಿಂದ ಮಾತ್ರ ಬಂದರೆ ಈ ಗೊಂಡೆ. ಬೋಳನಿಗೂ ಇತ್ತು ಅದು, ನಾನೇ ಸರಿಯಾಗಿ ನೋಡಿರಲಿಲ್ಲ.

ಮೊನ್ನೆ ಗ್ಯಾಸ್ ಸಿಲಿಂಡರ್ ತಂದ ಹುಡುಗ ಅದನ್ನು ಹೆಗಲ ಮೇಲೆ ಇಟ್ಟುಕೊಂಡೇ ನಿಂತ. ಯಜಮಾನಿ ಏಳೂ ಮರಿ ಕಟ್ಟಿಕೊಂಡು ಕರಿಬೇವಿನ ಬುಡ ಕೆದರುತ್ತಿತ್ತು.

"ಯಾವ ಜಾತಿ ಅಜ್ಜಿ ಇವು?"

ನಾನು ಹೆಬ್ಬಾಳದಿಂದ ಶುರು ಮಾಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ, "ಯಾಕಪ್ಪ, ಹೆಣ್ಣು ಕೊಡ್ತೀಯೇನು?" ಅಂದರು.

ಹುಡುಗ ನಗುತ್ತಾ ಸಿಲಿಂಡರ್ ಇಳಿಸಿದ. ಆಮೇಲೆ ಬಗ್ಗಿ, ಬೋ ಟೈ ಮರಿಗಳು ಎಷ್ಟಿವೆ ಅಂತ ಎಣಿಸತೊಡಗಿದ.